ದೊಡ್ಡಮನೆಯ ಹಿಂಭಾಗ

ಫೆಬ್ರವರಿ 11, 1974, ಸೋಮವಾರ

ಹೊಸ ಯಜಮಾನ ಇವತ್ತು ಹಿಂದಿನ ಅಂಗಳಕ್ಕೆ ಬಂದ. ಕೈಗವಸು ಕೂಡ ಕಳಚದೆ, ಸೆಪ್ಟೆಂಬರ್ ಕೊನೆಗೆ ನಮ್ಮ ಮೂರೂ ಮನೆಗಳನ್ನು ಕೆಡವಿಸುವುದಾಗಿ ಹೇಳಿ ಹೋದ.

ಹೆಸರು ಹಾಲ್ಕೆಟ್. ಲಂಡನ್ನಿನವನು. ಮುದುಕ ದಣಿ ಸತ್ತ ಮೇಲೆ ಹ್ಯಾರೊವೆಲ್ ಕೋರ್ಟ್ ಅನ್ನುವ ಈ ದೊಡ್ಡಮನೆಯನ್ನು ಹೊಲ, ಹಟ್ಟಿ, ಹಸುಗಳ ಸಮೇತ ಕೊಂಡುಕೊಂಡವನು. ಹಸುಗಳ ಜೊತೆಗೆ ನಾವೂ ಬಂದಿದ್ದೇವೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ.

"ಮುಂಭಾಗ ಬಹಳ ಚೆನ್ನಾಗಿದೆ. ಈ ಹಿಂಭಾಗ ಮಾತ್ರ ಬಾಲದ ಹಾಗೆ ಅಂಟ್ಕೊಂಡಿದೆ. ನೂರು ವರ್ಷದ ಹಿಂದೆ ಯಾರೋ ಆಳುಗಳಿಗೆ ಅಂತ ಕಟ್ಟಿದ್ದು. ಮನೆಯನ್ನ ಅದರ ಮೂಲ ರೂಪಕ್ಕೆ ತರಬೇಕು ಅನ್ನೋದು ನನ್ನಾಸೆ" ಅಂದ.

"ಬಾಲ ಕತ್ತರಿಸೋಕೆ ಹೋದ್ರೆ ದನ ಒದೀತದೆ ಸಾರ್. ನನ್ನ ಗಂಡನ್ನ ಕೇಳಿ, ಅವನಿಗೆ ಗೊತ್ತು" ಅಂದೆ. ಅವನು ನಗಲಿಲ್ಲ. ಪಕ್ಕದಲ್ಲಿದ್ದ ಲೆನ್ ನನ್ನ ಮೊಣಕೈ ಚಿವುಟಿದ.

ಕೈ ಸುಮ್ಮನಿರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರ್ಮಿಂಗ್‌ಹ್ಯಾಮಿನ ಸ್ಕ್ರೂ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟುವಾಗಲೂ ಹೀಗೇ ಮಾಡುತ್ತಿದ್ದೆ. ಜಗಳ ಶುರುವಾದ ದಿನದಿಂದ ಯಾರು ಏನಂದರು ಎಲ್ಲ ಬರೆದಿಡುವುದು.

ಬರೆದಿಡುತ್ತೇನೆ. ನಾನು ಆಡ್ರಿ ಟ್ರಾಂಟರ್. ಗಂಡ ಲೆನ್ ಹಸು ಕಾಯುತ್ತಾನೆ. ಆ ಕೆಲಸಕ್ಕೆ ಈ ಮನೆ. ಕೆಲಸ ಹೋದರೆ ಮನೆ ಹೋಯಿತು. ಪಕ್ಕದ ಕಾಲಿನ್ ಬೆಡೋಸ್ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನು, ಅವನ ಹೆಂಡತಿ ಗ್ಲೆನಿಸ್, ಮೂರು ಮಕ್ಕಳು. ಇನ್ನೊಂದು ತುದಿಯಲ್ಲಿ ವಿನ್ ಆಂಟಿ. ಗಂಡ ಈ ಎಸ್ಟೇಟಿನ ಕುದುರೆ ನೋಡಿಕೊಳ್ಳುತ್ತಿದ್ದ, ಸತ್ತು ಹೋದ. ಮುದುಕ ದಣಿ ಅವಳನ್ನು ಹೊರಗೆ ಹಾಕಲಿಲ್ಲ, ಅಷ್ಟೇ. ಅದನ್ನು ದಯೆ ಅಂತ ಊರು ಕರೆಯುತ್ತದೆ. ಯುದ್ಧ ಮುಗಿದು, ಇಲ್ಲಿ ಬೀಡುಬಿಟ್ಟಿದ್ದ ಸೈನ್ಯ ಖಾಲಿ ಮಾಡಿದಾಗ, ಈ ಹಳೇ ಅಡುಗೆಮನೆ ಸಾಲಿಗೆ ಅಡ್ಡಡ್ಡ ರಟ್ಟಿನ ಹಲಗೆ ಬಡಿದು ಮೂರು ಸಂಸಾರ ಮಾಡಿದರು. ಪಕ್ಕದ ಮನೆಯಲ್ಲಿ ಕೆಮ್ಮಿದರೆ ನಾವು ಕಷಾಯ ಕಾಯಿಸಬೇಕು, ಅಂಥ ಗೋಡೆ.

ನನ್ನ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಒಂದು ಕಿಟಕಿ ಇರಬೇಕಿತ್ತು. ಚೌಕಟ್ಟು ಇದೆ, ಒಳಗೆ ಇಟ್ಟಿಗೆ. ಹುಲ್ಲುಹಾಸಿನ ಮೇಲೆ ಅಡ್ಡಾಡುವ ಅಮ್ಮಾವ್ರುಗಳನ್ನು ಪಾತ್ರೆ ತೊಳೆಯುವವಳು ನೋಡಬಾರದು ಅಂತ ಯಾವನೋ ದಣಿ ಮುಚ್ಚಿಸಿದ್ದು. ಅವಳ ಕಣ್ಣು ತಾಗಿದರೂ ಅವರಿಗೆ ಮೈಲಿಗೆ. ಆರು ವರ್ಷದಿಂದ ಇಟ್ಟಿಗೆಯ ಮುಖ ನೋಡಿಕೊಂಡು ತಟ್ಟೆ ತೊಳೆದಿದ್ದೇನೆ. ಈ ಜಗಳ ಗೆದ್ದ ದಿನ ನಾನು ಮೊದಲು ಮಾಡುವ ಕೆಲಸ ಆ ಇಟ್ಟಿಗೆ ಒಡೆಯುವುದು.

ಫೆಬ್ರವರಿ 14

ಸಂಜೆ ಕರೆಂಟಿಲ್ಲ. ಕಲ್ಲಿದ್ದಲು ಗಣಿಯವರು ಮುಷ್ಕರ ಹೂಡಿದ್ದಾರೆ, ಗೆಲ್ಲಲಿ. ವಿನ್ ಆಂಟಿಯ ಅಡುಗೆಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಸಭೆ ಸೇರಿಸಿದೆ.

"ಅವನ ಮನೆ, ಅವನಿಷ್ಟ. ಪಟ್ಟಣದ ಕೌನ್ಸಿಲ್‌ನೋರು ಬಾಡಿಗೆಗೆ ಮನೆ ಕೊಟ್ರೆ ನಾವು ಹೋಗ್ತೀವಪ್ಪ" ಅಂದಳು ಗ್ಲೆನಿಸ್.

"ಕೊಡದಿದ್ರೆ? ಮೂರು ಮಕ್ಕಳನ್ನ ಟ್ರ್ಯಾಕ್ಟರಲ್ಲಿ ಮಲಗಿಸ್ತೀಯಾ?"

"ಟ್ರ್ಯಾಕ್ಟರೂ ಅವನದೇ" ಅಂದ ಕಾಲಿನ್. ಎಲ್ಲರೂ ನಕ್ಕೆವು.

ವಿನ್ ಆಂಟಿ ನಗಲಿಲ್ಲ. ಬಾಣಲೆಯಲ್ಲಿ ಬೇಕನ್ ತಿರುವಿ ಹಾಕುತ್ತ, "ನಂಗೆ ಬೇರೆ ಒಲೆ ಗೊತ್ತಿಲ್ಲ ಕಣೇ ಆಡ್ರಿ. ಈ ವಯಸ್ಸಲ್ಲಿ ಹೊಸಾ ಒಲೆ ಹಚ್ಚೋದು ಕಲಿಯೋಕಾಗುತ್ತಾ" ಅಂದಳು.

ತೀರ್ಮಾನ: ಯಾರೂ ಕದಲುವುದಿಲ್ಲ. ಮೂರು ಮನೆ, ಒಂದೇ ಮಾತು. ಕೈ ಎತ್ತಿಸಿದೆ. ಗ್ಲೆನಿಸ್ ಅರ್ಧ ಎತ್ತಿದಳು. ಅರ್ಧ ಕೈಯನ್ನೂ ಪೂರ್ತಿ ಅಂತ ಎಣಿಸುವುದು ನಾನು ಕಾರ್ಖಾನೆಯಲ್ಲಿ ಕಲಿತದ್ದು.

ಫೆಬ್ರವರಿ 20

ಮಳೆ. ವಿನ್ ಆಂಟಿಯ ಮಲಗುವ ಕೋಣೆಯ ಮೇಲೆ ಸೋರುತ್ತಿದೆ. ಹಾಲ್ಕೆಟ್‌ಗೆ ಹೇಳಿದರೆ, ಕೆಡವುವ ಸೂರಿಗೆ ಹೆಂಚು ಯಾಕೆ ಅಂದ. ನಾನೇ ಬಕೆಟ್ ಹಿಡಿದು ಅಟ್ಟಕ್ಕೆ ನುಗ್ಗಿದೆ. ತೆವಳಿಕೊಂಡು ಹೋಗಬೇಕು. ಇಳಿದು ಬಂದಾಗ ಲೆನ್ ನನ್ನ ಗುರುತು ಹಿಡಿಯಲಿಲ್ಲ. ಮುಖ, ಕೈ, ಲಂಗ ಎಲ್ಲ ಕಪ್ಪು.

ವಿಚಿತ್ರ ಅಂದರೆ ಹೊಗೆಗೂಡು ಇರುವುದು ಒಂದು ಮೂಲೆಯಲ್ಲಿ. ಮಸಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ, ಪ್ರತಿ ತೊಲೆಗೆ, ಪ್ರತಿ ಜಂತೆಗೆ, ಟಾರು ಬಳಿದ ಹಾಗೆ. ಸೋಪಿಗೂ ಹೋಗುತ್ತಿಲ್ಲ.

ಮಾರ್ಚ್ 2, ಶನಿವಾರ

ಸಿಕ್ಕಿತು.

ಲೈಬ್ರರಿ ವ್ಯಾನು ಬಂದಿತ್ತು. ಹಳೇ ಮನೆಗಳ ಬಗ್ಗೆ ಏನಿದ್ದರೂ ಕೊಡಪ್ಪಾ ಅಂದೆ. ಎರಡು ದಪ್ಪ ಪುಸ್ತಕ ಕೊಟ್ಟ. ನೆಲದ ಮೇಲೆ ಕೂತು ಓದಿದೆ. ಲೆನ್‌ಗೆ ಊಟಕ್ಕೆ ಬರೀ ಬ್ರೆಡ್ಡು.

ಐನೂರು ವರ್ಷದ ಹಿಂದೆ ಮನೆಗಳಿಗೆ ಹೊಗೆಗೂಡೇ ಇರಲಿಲ್ಲ. ಒಂದು ದೊಡ್ಡ ಹಜಾರ. ನೆಲದ ನಡುವೆ ಬೆಂಕಿ. ಹೊಗೆ ಮೇಲೆದ್ದು ಸೂರಿನ ಸಂದಿಯಲ್ಲಿ ಹೊರಗೆ. ದಣಿ, ಆಳು, ನಾಯಿ ಎಲ್ಲ ಅದೇ ಹೊಗೆಯಲ್ಲಿ ಉಂಡು ಅಲ್ಲೇ ಮಲಗುವುದು. ಜಂತೆಗೆ ಆ ಥರ ಮಸಿ ಹಿಡಿದಿದೆ ಅಂದರೆ ಕೆಳಗೆ ಹಜಾರ ಇತ್ತು ಅಂತಲೇ ಅರ್ಥ. ಆಮೇಲೆ ದಣಿಗೆ ಆಳಿನ ಬೆವರು ವಾಸನೆ ಬಂತು. ಮುಂದುಗಡೆ ತನಗೆ ಅಂತ ಹೊಸ ಮನೆ ಎಬ್ಬಿಸಿದ, ಮೊಮ್ಮಗ ಅದಕ್ಕೆ ಕೆಂಪು ಇಟ್ಟಿಗೆಯ ಮುಖವಾಡ ತೊಡಿಸಿದ, ಹಳೇ ಹಜಾರ ಅಡುಗೆಯವರಿಗೆ ಬಿತ್ತು.

ಅಂದರೆ ನಾವು ಇರುವುದೇ ಮೂಲ ಮನೆ. ಹಾಲ್ಕೆಟ್ ಮಲಗುವುದು ಬಾಲದಲ್ಲಿ.

ಈ ಮಾತು ಗಟ್ಟಿಯಾಗಿ ಮೂರು ಸಲ ಹೇಳಿಕೊಂಡೆ. ಅಂಗಳಕ್ಕೆ ಹೋಗಿ ಕೂಗಬೇಕು ಅನಿಸಿತು. ಇಷ್ಟು ಹಳೆಯದು ಅಂತ ಸರ್ಕಾರ ಒಪ್ಪಿದರೆ ಯಾವ ಹಾಲ್ಕೆಟ್ಟೂ ಕೆಡವುವ ಹಾಗಿಲ್ಲ. ಕಾನೂನು ಇದೆ. ಜೀವನದಲ್ಲಿ ಮೊದಲ ಸಲ ಒಂದು ಕಾನೂನು ನಮ್ಮ ಕಡೆ ನಿಂತಿದೆ.

ಮಾರ್ಚ್ 3

ಸರ್ಕಾರದ ಹಳೇ ಕಟ್ಟಡದ ಇಲಾಖೆಗೆ ಬರೆದೆ. ಬರೆದು ಹಾಕಿ ಬಂದು ಮತ್ತೆ ಅಟ್ಟ ಹತ್ತಿದೆ. ಕೆಲಸವಿರಲಿಲ್ಲ. ಸುಮ್ಮನೆ.

ಮಾರ್ಚ್ 17

ತೊಲೆಗಳ ಮೇಲೆ ಅಂಕಿ ಕೆತ್ತಿದ್ದಾರೆ. ಬಡಗಿಗಳು ಕಾಡಿನ ಹತ್ತಿರವೇ ಮರ ಕೊರೆದು, ಜೋಡಿಸಿ ನೋಡಿ, ಬಿಚ್ಚಿ, ಗಾಡಿಯಲ್ಲಿ ತಂದು ಇಲ್ಲಿ ಮತ್ತೆ ಎತ್ತಿ ನಿಲ್ಲಿಸುತ್ತಿದ್ದರಂತೆ. ಅದಲು ಬದಲಾಗದಿರಲಿ ಅಂತ ಉಳಿಯಲ್ಲಿ ಗೀಟು ಹಾಕುವುದು. ವಿನ್ ಆಂಟಿಯ ಹಾಸಿಗೆಯ ಮೇಲೆ ಒಂದು ಗೀಟು. ನಮ್ಮ ಮೆಟ್ಟಿಲ ತುದಿಯಲ್ಲಿ ಎರಡು. ಗ್ಲೆನಿಸ್ ಮನೆಯ ಕೊನೆಯಲ್ಲಿ ನಾಲ್ಕು. ಒಂದೇ ಸಾಲಿನ ಲೆಕ್ಕ ಮೂರು ಸಂಸಾರಗಳ ಒಳಗೆ ಹಾದು ಹೋಗುತ್ತದೆ. ನಾಲ್ಕರ ಮುಂದೆ ನಿಂತು ಗೀಟಿನೊಳಗೆ ಬೆರಳಿಟ್ಟೆ. ಆ ಬಡಗಿಗೂ ನನ್ನ ಹಾಗೆ ದಣಿಯ ಮೇಲೆ ಸಿಟ್ಟಿತ್ತು ಅಂತ ಯಾಕೋ ಅನಿಸುತ್ತದೆ. ಗೀಟು ಅಷ್ಟು ಆಳ.

ಮೂರು ಎಲ್ಲಿ? ನಮ್ಮ ಗೋಡೆಯ ಆಚೆ, ಗ್ಲೆನಿಸ್ ಮಕ್ಕಳು ಮಲಗುವ ಕೋಣೆಯ ಹಲಗೆಯ ಹಿಂದೆ ಇರಬೇಕು.

ಏಪ್ರಿಲ್ 6

ಇಲಾಖೆಯಿಂದ ಮಿಸ್ ಡನ್‌ಸ್ಟನ್ ಅನ್ನುವವಳು ಮೇ ತಿಂಗಳಲ್ಲಿ ನೋಡಲು ಬರುತ್ತಾಳಂತೆ. ಅಲ್ಲಿಯವರೆಗೆ ಯಾರೂ ಇಟ್ಟಿಗೆ ಮುಟ್ಟಬಾರದು ಅಂತ ಹಾಲ್ಕೆಟ್‌ಗೂ ಹೇಳಿದ್ದಾರೆ. ಅಂಗಳದಲ್ಲಿ ಸಿಕ್ಕಿದ. ಟೋಪಿ ಎತ್ತಿದ. ಮೊದಲ ಸಲ.

ಲೆನ್ ಖುಷಿಯಾಗಿ ಸುತ್ತಿಗೆ, ಉಳಿ ಹಿಡಿದುಕೊಂಡು ಬಂದ.

"ಏನದು?" ಅಂದೆ.

"ನಿನ್ನ ಕಿಟಕಿ. ಗೆದ್ದ ದಿನ ಒಡೀತೀನಿ ಅಂತಿದ್ದೆಯಲ್ಲ. ಅರ್ಧ ಗೆದ್ದಿದೀಯ, ಅರ್ಧ ಒಡೀತೀನಿ."

"ಮುಟ್ಟಬೇಡ. ಆ ಇಟ್ಟಿಗೆಗೂ ಇನ್ನೂರು ವರ್ಷ ಆಗಿದೆ."

"ಅದು ಮುಖಕ್ಕೆ ಉಗುಳೋ ಗೋಡೆ ಅಂತ ನೀನೇ ದಿನಾ ಬೈತಿದ್ದೆ."

"ಬೈದಿದ್ದು ಅದನ್ನ ಕಟ್ಟಿಸಿದೋನಿಗೆ. ಇಟ್ಟಿಗೆ ಏನ್ ಮಾಡಿತ್ತು?"

ಸುತ್ತಿಗೆ ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ. ಗಂಡಸರಿಗೆ ತಂತ್ರ ಅರ್ಥವಾಗುವುದಿಲ್ಲ. ಇನ್‌ಸ್ಪೆಕ್ಟರ್ ಬರುವ ತನಕ ಎಲ್ಲ ಇದ್ದ ಹಾಗೇ ಇರಬೇಕು. ಅಷ್ಟೇ.

ಗ್ಲೆನಿಸ್ ಮಕ್ಕಳು ಅಂಗಳದ ಕಂಬಕ್ಕೆ ಚೆಂಡು ಒದೆಯುತ್ತಿದ್ದವು. ಓಡಿಸಿದೆ.

ಏಪ್ರಿಲ್ 22

ವಿನ್ ಆಂಟಿಯ ಒಲೆ ಹೊಗೆ ಕಾರುತ್ತದೆ. ಅವಳು ಕೊಬ್ಬು ಹಾಕಿ ಹುರಿಯುವ ರೀತಿಗೆ ಮೇಲಿನ ತೊಲೆಯೆಲ್ಲ ಜಿಡ್ಡು. ಹುರಿಯುವ ಬದಲು ನೀರಲ್ಲಿ ಬೇಯಿಸಿ ತಿನ್ನಬಾರದೇ ಆಂಟಿ ಅಂದೆ.

"ಐನೂರು ವರ್ಷದ ಹೊಗೆ ಚೆಂದ ಅಂತೀಯ. ನನ್ನ ಹೊಗೆ ಏನಾಯ್ತೇ?" ಅಂದಳು.

ಅವಳದು ಯಾವಾಗಲೂ ತಮಾಷೆ.

ಮೇ 9, ಗುರುವಾರ

ಗ್ಲೆನಿಸ್ ಹಾಪ್ ತೋಟಕ್ಕೆ ಹೋಗಿದ್ದಳು. ಈ ತಿಂಗಳು ಹೆಂಗಸರೆಲ್ಲ ಅಲ್ಲೇ. ಬಿಯರಿನ ಬಳ್ಳಿಯನ್ನು ದಾರಕ್ಕೆ ಹಬ್ಬಿಸುವ ಕೆಲಸ. ನಾನೂ ಹೋಗಬೇಕಿತ್ತು. ಹೋಗಲಿಲ್ಲ. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ, ಮೆಟ್ಟಿಲು ಹತ್ತುವುದು ಇಳಿಯುವುದು ಮಾಡಿ ಮಾಡಿ ಸಾಕಾಯಿತು. ಮಿಸ್ ಡನ್‌ಸ್ಟನ್ ಬರುವುದರೊಳಗೆ ಮೂರನೆಯದು ಸಿಗಲೇಬೇಕು. ಸಾಲು ಪೂರ್ತಿಯಾಗದಿದ್ದರೆ ಯಾರು ನಂಬುತ್ತಾರೆ? ಅವರ ಬಾಗಿಲಿಗೆ ಯಾವತ್ತೂ ಬೀಗವಿಲ್ಲ. ಮಕ್ಕಳ ಕೋಣೆಗೆ ಹೋಗಿ ಹಲಗೆಯ ಅಂಚಿಗೆ ಉಳಿ ಇಟ್ಟು ಮೀಟಿದೆ. ಒಣಗಿದ ರೊಟ್ಟಿಯ ಹಾಗೆ ಮುರಿಯಿತು.

ಇತ್ತು. ಮೂರು ಗೀಟು. ಗೀಟಿನ ಕೆಳಗೆ ಮರವನ್ನು ಬಿಲ್ಲಿನ ಹಾಗೆ ಬಾಗಿಸಿ ಇಟ್ಟಿದ್ದಾರೆ, ಅಂಚಿಗೆ ಹೂವಿನ ಬಳ್ಳಿ. ಬರೀ ಮನೆಯಲ್ಲ, ಹಜಾರದ ಮಧ್ಯದ ಕಮಾನು ಅದು. ದಣಿ ತನ್ನ ಪೀಠದಿಂದ ನೋಡಲಿ ಅಂತ ಕೆತ್ತಿಸಿದ್ದು. ಮುಟ್ಟಿದೆ. ಮುಟ್ಟಿ ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗೆ ಬಿದ್ದಿದ್ದ ಮಕ್ಕಳ ಫುಟ್‌ಬಾಲ್ ಆಟಗಾರರ ಚಿತ್ರಗಳ ಮೇಲೆ ನಿಂತಿದ್ದೆ ಅಂತ ಆಮೇಲೆ ಗೊತ್ತಾಯಿತು.

ಗ್ಲೆನಿಸ್ ಬೆರಳಿಗೆಲ್ಲ ಹಸಿರು ಕಲೆ ಹತ್ತಿಸಿಕೊಂಡು ಬಂದಳು. ಬಾಗಿಲಲ್ಲೇ ನಿಂತಳು.

"ಏನೇ ಇದು?"

"ನೋಡಿಲ್ಲಿ, ಗ್ಲೆನಿಸ್. ಮೂರು. ಈ ಕೆತ್ತನೆ ನೋಡು."

"ನನ್ನ ಮಕ್ಕಳ ಗೋಡೆ ಎಲ್ಲಿ?"

"ಅದು ಗೋಡೆ ಅಲ್ವೇ, ರಟ್ಟು."

"ರಟ್ಟೋ ಸುಟ್ಟೋ, ಚಳಿ ತಡೀತಿತ್ತು. ಮುಂದಿನ ಮನೆ ಹಾಲ್ಕೆಟ್ ಕೂಡ ಬಾಗಿಲು ತಟ್ಟಿ ಒಳಗೆ ಬರ್ತಾನೆ. ನೀನು ತಟ್ಟಲಿಲ್ಲ ದೊರೆಸಾನಿ."

ದೊರೆಸಾನಿ ಅಂದಳು. ನನಗೆ. ಮೂರು ಮನೆ ಉಳಿಸಲು ಒದ್ದಾಡುತ್ತಿರುವವಳಿಗೆ. ರಾತ್ರಿ ಲೆನ್ ಹೋಗಿ ಅಲ್ಲಿಗೆ ಒಂದು ಕಂಬಳಿ ಬಡಿದು ಬಂದ. ಮೊಳೆ ಎಲ್ಲಿ ಹೊಡೆದ ಅಂತ ಕೇಳಿದೆ. ದೀಪ ಆರಿಸಿ ಮಲಗಿದ.

ಮೇ 21

ಮಿಸ್ ಡನ್‌ಸ್ಟನ್ ಬಂದಳು. ತೆಳ್ಳಗೆ, ಗಂಡಸರ ಬೂಟು. ನನ್ನ ಜೊತೆ ಹೊಟ್ಟೆಯ ಮೇಲೆ ತೆವಳಿ ಅಟ್ಟ ಪೂರ್ತಿ ನೋಡಿದಳು. ಮೆಚ್ಚಿದೆ. ಕಮಾನಿನ ಮುಂದೆ ನಿಂತು ಉಸಿರು ಬಿಡಲು ಮರೆತಳು.

"ಮಿಸೆಸ್ ಟ್ರಾಂಟರ್, ನೀವು ಏನು ಕಂಡುಹಿಡಿದಿದ್ದೀರಿ ಗೊತ್ತಾ?"

ಗೊತ್ತು ಅಂದೆ. ಹಜಾರದ ಉದ್ದಗಲ, ದಣಿಯ ಪೀಠ, ಬೆಂಕಿಯ ಜಾಗ, ಎಲ್ಲ ನಾನೇ ತೋರಿಸಿದೆ. ಈ ಹಲಗೆಗಳು ಅಡ್ಡ ಬರ್ತಿವೆ, ಇಡೀ ಹಜಾರ ಒಂದೇ ನೋಟಕ್ಕೆ ಸಿಗೋದಿಲ್ಲ ಅಂತ ಅವಳು ಪೇಚಾಡಿದಾಗ, "ಇದೆಲ್ಲ ಆಮೇಲೆ ಬಡಿದ ಕಸ ಮೇಡಂ, ಒಂದು ದಿನದಲ್ಲಿ ಕಿತ್ತು ಹಾಕಬಹುದು, ಒಳಗಿರೋದಕ್ಕೆ ಏನೂ ಆಗಿಲ್ಲ" ಅಂದೆ. ಅವಳು ಬರೆದುಕೊಂಡಳು. ಹಾಲ್ಕೆಟ್ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದ.

ವಿನ್ ಆಂಟಿ ಚಹಾ ತಂದಳು. ಮಿಸ್ ಡನ್‌ಸ್ಟನ್ ಕಪ್ಪನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟು ಮರೆತೇ ಹೋದಳು.

ಜೂನ್ 12

ಗೆದ್ದೆವು. ಅತಿ ಮಹತ್ವದ ಕಟ್ಟಡ, ಒಂದು ತೊಲೆಯನ್ನೂ ಕೆಡವುವಂತಿಲ್ಲ. ಲೆನ್ ಸೇಬಿನ ಹೆಂಡ ಸೈಡರ್ ತಂದ. ವಿನ್ ಆಂಟಿ ಅಂಗಳದಲ್ಲಿ ಎರಡು ಹೆಜ್ಜೆ ಕುಣಿದಳು. ಗ್ಲೆನಿಸ್ ಕೂಡ ಬಂದು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಯೂನಿಯನ್ ಗೆದ್ದ ದಿನವೂ ಇಷ್ಟು ಹಗುರ ಅನಿಸಿರಲಿಲ್ಲ.

ಜೂನ್ 14

ಹಾಲ್ಕೆಟ್ ಬಾಗಿಲು ತಟ್ಟಿ ಬಂದ. ಕೈಗವಸು ಕಳಚಿದ್ದ. ನನ್ನ ಕೈ ಕುಲುಕಿದ.

"ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಇಂಥಾ ಹಜಾರವನ್ನ ನಾನು ಕೆಡವಿಬಿಡ್ತಿದ್ದೆ. ಇನ್ನು ಒಂದು ತೊಲೆಯನ್ನೂ ಕೆಡವೋದಿಲ್ಲ. ಬಿಡಿಸ್ತೀವಿ, ಅಷ್ಟೇ. ರಟ್ಟಿನ ಹಲಗೆ, ಆಳುಗಳಿಗೆ ಅಂತ ಹಾಕಿದ್ದ ಮಾಳಿಗೆ, ಅಡುಗೆ ಒಲೆಗಳು, ಎಲ್ಲ ತೆಗೆದು ಮೂಲ ರೂಪಕ್ಕೆ. ಸರ್ಕಾರವೂ ಸಹಾಯ ಮಾಡುತ್ತೆ."

"ಅದರೊಳಗೆ ನಾವಿದ್ದೀವಿ."

"ಸೆಪ್ಟೆಂಬರ್ ಕೊನೆಯವರೆಗೆ ಟೈಮಿದೆ. ಕೌನ್ಸಿಲ್ ಜೊತೆ ನಾನೇ ಮಾತಾಡ್ತೀನಿ."

ನಾನು ಸುಮ್ಮನಿರಲಿಲ್ಲ. ಕೇಳಿದೆ. ನಾನೂರು ವರ್ಷದ ಹಿಂದೆ ಯಾವನೋ ತುರುಕಿದ ಹೊಗೆಗೂಡು ಚರಿತ್ರೆ, ಅದು ಇರಲಿ. ಇನ್ನೂರು ವರ್ಷದ ಹಿಂದೆ ಮುಚ್ಚಿದ ಕಿಟಕಿ ಚರಿತ್ರೆ, ಇರಲಿ. ಇಪ್ಪತ್ತೇಳು ವರ್ಷದ ಹಿಂದೆ ಮನೆಯಿಲ್ಲದವರಿಗೆ ಬಡಿದ ಗೋಡೆ ಮಾತ್ರ ಕಸ. ಗೋಡೆ ಎಷ್ಟು ವರ್ಷ ನಿಂತರೆ ಚರಿತ್ರೆ ಆಗುತ್ತೆ ಹೇಳಿ ಸಾರ್? ಅಥವಾ ಯಾರು ಒಳಗೆ ಮಲಗಿದ್ರೆ ಆಗುತ್ತೆ?

ಅವನು ಮೆತ್ತಗೆ ಅಂದ: "ಕಸ ಅಂದಿದ್ದು ನೀವೇ, ಮಿಸೆಸ್ ಟ್ರಾಂಟರ್. ವರದಿಯಲ್ಲೂ ಇದೆ."

ಜೂನ್ 17

ಸಭೆ. ಈ ಸಲ ಕೈ ಎತ್ತಿಸಬೇಕಾಗಲಿಲ್ಲ. ಗ್ಲೆನಿಸ್ ಪೂರ್ತಿ ನಿಂತೇಬಿಟ್ಟಿದ್ದಳು. ಬಾಗಿಲುಗಳಿಗೆ ಒಳಗಿನಿಂದ ಅಡ್ಡಪಟ್ಟಿ ಬಡಿದು ಕೂರುವುದು, ಪೇಪರಿನವರನ್ನು ಕರೆಸುವುದು. ನನ್ನದೇ ಯೋಜನೆ, ಕಾರ್ಖಾನೆಯಲ್ಲಿ ಹೀಗೆ ಹನ್ನೊಂದು ದಿನ ಕೂತಿದ್ದೆವು. ಕಾಲಿನ್ ಹೊಲದಿಂದ ಓಕ್ ಪಟ್ಟಿ, ಗೇಣುದ್ದದ ಮೊಳೆ, ದೊಡ್ಡ ಸುತ್ತಿಗೆ ತಂದ. ಪಟ್ಟಿಯನ್ನು ಬಾಗಿಲ ಪಕ್ಕದ ಕಂಬಕ್ಕೆ ಒತ್ತಿ ಹಿಡಿದು ಮೊಳೆ ಇಟ್ಟ.

"ಆ ಕಂಬಕ್ಕೆ ಬೇಡ" ಅಂದೆ.

"ಮತ್ತೆಲ್ಲಿ ಹೊಡೀಲಿ, ಗಾಳಿಗಾ?"

"ಅದು ಸಾವಿರದ ನಾನೂರನೇ ಇಸವಿಯ ಮರ ಕಣೋ. ಸೀಳು ಬಿಡ್ತದೆ. ಕುರ್ಚಿ ಅಡ್ಡ ಇಡೋಣ, ಮಂಚ ಇಡೋಣ."

"ಪೊಲೀಸರ ಮುಂದೆ ಕುರ್ಚಿನಾ?"

ಕಾಲಿನ್ ಸುತ್ತಿಗೆ ಕೈಯಲ್ಲಿ ತೂಗುತ್ತ ನಿಂತ. ಗ್ಲೆನಿಸ್ ನನ್ನ ಮುಖವನ್ನು, ಯಾರೋ ಊರಿಗೆ ಹೊಸಬರನ್ನು ನೋಡುವ ಹಾಗೆ ನೋಡಿದಳು.

"ನಡಿಯೋ ಕಾಲಿನ್. ಅವಳ ಕಂಬ ಅವಳಿಗಿರಲಿ. ಕೌನ್ಸಿಲ್ ಮನೆಗೆ ಅರ್ಜಿ ಹಾಕೋಣ."

ಚಳವಳಿಗೂ ಒಂದು ಶಿಸ್ತು ಬೇಕು. ಎದುರಾಳಿಯ ಸೊತ್ತು ಹಾಳು ಮಾಡುವುದೇ ಹೋರಾಟವಲ್ಲ. ನಾಳೆ ಗ್ಲೆನಿಸ್‌ಗೆ ತಿಳಿಸಿ ಹೇಳಬೇಕು.

ಜೂನ್ 18

ಹೇಳಲು ಹೋದೆ. ಬಾಗಿಲು ಚಿಲಕ ಹಾಕಿತ್ತು.

ಜುಲೈ 30

ಬರೆಯಲು ಮನಸ್ಸಾಗಿರಲಿಲ್ಲ. ಬೆಡೋಸ್‌ನವರಿಗೆ ಪಟ್ಟಣದಲ್ಲಿ ಕೌನ್ಸಿಲ್ ಮನೆ ಸಿಕ್ಕಿದೆ, ಹೋಗಿಯೂ ಆಯಿತು. ಕಾಲಿನ್ ಬಂದು ಲೆನ್‌ನ ಕೈ ಕುಲುಕಿ ಹೋದ. ಗ್ಲೆನಿಸ್ ಲಾರಿಯಿಂದ ಇಳಿಯಲಿಲ್ಲ.

ಹಾಲ್ಕೆಟ್ ಹಸುಗಳನ್ನು ಮಾರುತ್ತಾನೆ. ಲೆನ್‌ಗೆ ಕೆಲಸವಿಲ್ಲ. ಆದರೆ ಗೇಟಿನ ಪಕ್ಕದ ಕಾವಲುಮನೆ ಖಾಲಿಯಿದೆಯಂತೆ. ಲೆನ್ ಹುಲ್ಲುಹಾಸು ನೋಡಿಕೊಳ್ಳುವುದು. ಮುಂದಿನ ಬೇಸಗೆಯಿಂದ ಭಾನುವಾರ ಜನ ಹಜಾರ ನೋಡಲು ಬರುತ್ತಾರೆ, ಅವರಿಗೆ ವಿವರಿಸಲು ನನಗಿಂತ ಬಲ್ಲವರು ಯಾರೂ ಇಲ್ಲ ಅಂತ ಮಿಸ್ ಡನ್‌ಸ್ಟನ್ ಹೇಳಿದ್ದಾಳೆ.

ಹಾಲ್ಕೆಟ್‌ನ ಮುಖಕ್ಕೆ ಉಗಿದು ಬರೋಣ ಅಂತಲೇ ಹೊರಟೆ. ಲೆನ್ ತಡೆದ.

"ಉಗಿಯೋದು ಸುಲಭ ಆಡ್ರಿ. ಆಮೇಲೆ ಎಲ್ಲಿ ಮಲಗೋದು, ಅದನ್ನ ಮೊದಲು ಹೇಳು."

ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಬೇರೆಯವರು ಬಂದು ನಿಂತರೆ ಏನು ಹೇಳುತ್ತಾರೆ? ದಣಿಗಳ ಹೆಸರು, ಅವರ ಬೇಟೆ ನಾಯಿಯ ಹೆಸರು. ಬಡಗಿಯ ಗೀಟಿನ ಬಗ್ಗೆ ಯಾರು ಹೇಳುತ್ತಾರೆ? ಹೊಗೆಯಲ್ಲಿ ಮಲಗಿದವರ ಬಗ್ಗೆ? ಶತ್ರುವಿನ ಹಜಾರದೊಳಗೇ ನಿಂತು ನಮ್ಮವರ ಕಥೆ ಹೇಳುವುದೂ ಒಂದು ಹೋರಾಟವೇ.

ಸೆಪ್ಟೆಂಬರ್ 29, ಭಾನುವಾರ

ವಿನ್ ಆಂಟಿಯನ್ನು ವ್ಯಾನಿನಲ್ಲಿ ಪಟ್ಟಣದ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದರು. ನಾವು ಒಪ್ಪಿಕೊಂಡ ಕಾವಲುಮನೆಯಲ್ಲಿ ಒಂದೇ ಮಲಗುವ ಕೋಣೆ, ಇಲ್ಲದಿದ್ದರೆ ನಾವೇ ಇಟ್ಟುಕೊಳ್ಳುತ್ತಿದ್ದೆವು. ಹೋಗುವಾಗ ಬಾಣಲೆ ಮಡಿಲಲ್ಲಿಟ್ಟುಕೊಂಡಿದ್ದಳು. ಅಲ್ಲಿ ಅಡುಗೆ ಅವರೇ ಮಾಡ್ತಾರೆ ಆಂಟಿ, ಬಾಣಲೆ ಯಾಕೆ ಅಂದೆ. "ಮತ್ತೆ ಕೈಗೇನು ಕೆಲಸ?" ಅಂದಳು.

ನಾಳೆ ಕೆಲಸದವರು ಬರುತ್ತಾರೆ.

ಅಕ್ಟೋಬರ್ 3, ಗುರುವಾರ

ಹೇಗೆ ಬರೆಯಲಿ. ಇವತ್ತು ಕೊನೆಯ ಮಾಳಿಗೆ ಹಲಗೆ ಬಿತ್ತು. ಧೂಳು ಇಳಿಯುವವರೆಗೆ ಮಿಸ್ ಡನ್‌ಸ್ಟನ್ನೂ ನಾನೂ ಅಂಗಳದಲ್ಲಿ ಮಕ್ಕಳ ಹಾಗೆ ಕಾಲು ಬದಲಿಸುತ್ತ ನಿಂತಿದ್ದೆವು. ಒಳಗೆ ಹೋದೆವು. ನೆಲದಿಂದ ಸೂರಿನವರೆಗೆ ಒಂದೇ ಬಯಲು. ಒಂದು, ಎರಡು, ಮೂರು, ನಾಲ್ಕು, ತೊಲೆಗಳು ಸಾಲಾಗಿ, ನಡುವೆ ಆ ಕಮಾನು. ಪಶ್ಚಿಮದ ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ಮಸಿ ಹಿಡಿದ ಮರದ ಮೇಲೆ ಬಿದ್ದಿತ್ತು. ಕಪ್ಪು ಅಂದರೆ ಅಷ್ಟು ಬಗೆಯ ಕಪ್ಪು ಇರುತ್ತದೆ ಅಂತ ಗೊತ್ತಿರಲಿಲ್ಲ. ನಾನು ಎಲ್ಲಿ ಆರು ವರ್ಷ ಉಂಡೆ, ಎಲ್ಲಿ ಮಲಗಿದೆ ಅಂತ ಗುರುತಿಸಲು ನೋಡಿದೆ, ಆಗಲಿಲ್ಲ. ಅಳು ಬಂತು. ಮಿಸ್ ಡನ್‌ಸ್ಟನ್ ನನ್ನ ಕೈ ಹಿಡಿದುಕೊಂಡಳು. ಹಾಲ್ಕೆಟ್ ಕೂಡ ಟೋಪಿ ತೆಗೆದು ನಿಂತಿದ್ದ. ಪೆದ್ದನಾದರೂ ಅವನಿಗೆ ಕಣ್ಣಿದೆ.

ಹಲಗೆಯ ಚೂರುಗಳನ್ನು ಹಿಂದೆ ಗುಡ್ಡೆ ಹಾಕಿ ಸುಟ್ಟರು. ಲೆನ್ ನೋಡಲು ಬರಲಿಲ್ಲ.

ಜನವರಿ 19, 1975

ಕಾವಲುಮನೆ ಬೆಚ್ಚಗಿದೆ, ಬಚ್ಚಲಿದೆ, ಕಿಟಕಿಯಲ್ಲಿ ಹೊರಗೆ ಕಾಣುತ್ತದೆ. ಆದರೂ ಒಂದು ಕಡೆ ಕೂರಲಾಗುವುದಿಲ್ಲ. ದಿನಕ್ಕೆ ಎಷ್ಟು ಸಲ ಬೀಗದ ಕೈ ತೆಗೆದುಕೊಂಡು ಹಜಾರಕ್ಕೆ ಹೋಗಿ ಬರುತ್ತೇನೋ. ಲೆನ್ ಮಾತು ಕಡಿಮೆ ಮಾಡಿದ್ದಾನೆ. ಕೈಕೆಳಗೆ ಹಸು ಇಲ್ಲವಲ್ಲ, ಅದಕ್ಕೆ. ವಿನ್ ಆಂಟಿಯನ್ನು ನೋಡಲು ಹೋಗಬೇಕು. ಕ್ರಿಸ್‌ಮಸ್‌ಗೇ ಹೋಗಬೇಕಿತ್ತು. ಹಜಾರದ ನೆಲಕ್ಕೆ ಕಲ್ಲು ಹಾಕುತ್ತಿದ್ದರು, ಬಿಟ್ಟು ಹೋಗಲಾಗಲಿಲ್ಲ.

ಮೇ 4, ಭಾನುವಾರ

ಮೊದಲ ದಿನ. ಎರಡು ಬಸ್ಸು ಜನ. ಬೆಳಿಗ್ಗೆ ಕನ್ನಡಿಯ ಮುಂದೆ ಎರಡು ಸಲ ಎಲ್ಲ ಒಪ್ಪಿಸಿ ನೋಡಿದೆ. ಬಾಯಿ ತೆರೆದ ಮೇಲೆ ಸಲೀಸು. ಬಡಗಿಗಳ ಗೀಟು ತೋರಿಸಿದಾಗ ಎಲ್ಲರೂ ಕತ್ತು ಎತ್ತಿದರು. ನಡುವಿನ ಬೆಂಕಿ, ಹೊಗೆ, ದಣಿಯ ಪಕ್ಕದಲ್ಲೇ ಆಳು ಮಲಗುತ್ತಿದ್ದದ್ದು, ಎಲ್ಲ ಹೇಳಿದೆ. ಹಾಲ್ಕೆಟ್‌ಗೆ ಇಷ್ಟವಾಗದ ಮಾತುಗಳನ್ನೂ ಬಿಡದೆ ಹೇಳಿದೆ. ಅವನು ಹಿಂದೆ ನಿಂತು ಚಪ್ಪಾಳೆ ತಟ್ಟಿದ.

ಎರಡನೇ ಗುಂಪಿನಲ್ಲಿ ವಿನ್ ಆಂಟಿ ಇದ್ದಳು. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಾಳೆ. ನೀಲಿ ಕೋಟು, ಟೋಪಿ. ತುಂಬ ಸಣ್ಣಗಾಗಿದ್ದಾಳೆ. ಕೈಬೀಸಿದೆ. ಮಾತು ಮಧ್ಯದಲ್ಲಿ ನಿಲ್ಲಿಸಲಾಗುವುದಿಲ್ಲವಲ್ಲ. ಎಲ್ಲರ ಜೊತೆ ಕತ್ತು ಎತ್ತಿ ಎಲ್ಲ ನೋಡಿದಳು. ಕೊನೆಗೆ, ಯಾರಿಗಾದರೂ ಏನಾದರೂ ಕೇಳೋದಿದೆಯಾ ಅಂದಾಗ ಅವಳೇ ಕೈ ಎತ್ತಿದಳು.

"ದಣಿಗಳು ಮುಂದಿನ ಮನೆಗೆ ಹೋದ ಮೇಲೆ ಇಲ್ಲಿ ಯಾರಿದ್ರಮ್ಮ?"

"ಆಮೇಲಿನ ಸೇರ್ಪಡೆಗಳನ್ನೆಲ್ಲ ತೆಗೆಸಿದ್ದೀವಿ" ಅಂದೆ. "ನೀವೀಗ ನೋಡ್ತಿರೋದು ಮೂಲ ರೂಪ." ಅಭ್ಯಾಸ ಮಾಡಿದ್ದ ಮಾತು, ತಾನಾಗಿ ಬಂತು.

ತಲೆಯಾಡಿಸಿದಳು. ಜನ ಹೊರಗೆ ಹೊರಟರು. ಬಸ್ಸಿನ ಸುಸ್ತಿರಬೇಕು, ತನ್ನ ಒಲೆಯಿದ್ದ ಕಡೆಯ ಕಂಬದ ಮೇಲೆ ಅಂಗೈ ಇಟ್ಟು ಭಾರ ಬಿಟ್ಟು ನಿಂತಳು. ಕೈಯ ಬೆವರು, ಜಿಡ್ಡು ಹಳೇ ಓಕ್‌ಗೆ ಒಳ್ಳೆಯದಲ್ಲ ಅಂತ ಮಿಸ್ ಡನ್‌ಸ್ಟನ್ ಮತ್ತೆ ಮತ್ತೆ ಹೇಳಿದ್ದಾಳೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಮುಟ್ಟುತ್ತಾರೆ.

"ವಿನ್ ಆಂಟಿ, ಕಂಬ ಮುಟ್ಟಬಾರದು" ಅಂದೆ, ಮೆಲ್ಲಗೇ.

ಕೈ ತೆಗೆದಳು. ಎಲ್ಲಿ ಇಡುವುದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಕೋಟಿನ ಜೇಬಿಗೆ ಹಾಕಿಕೊಂಡಳು.

ನಾಳೆ ಲೆನ್‌ಗೆ ಹೇಳಿ ಕಂಬಗಳ ಸುತ್ತ ಹಗ್ಗ ಕಟ್ಟಿಸಬೇಕು.